ನಾಲ್ಕು ಪ್ಲಗ್ಗು, ನಲವತ್ತು ಸಲಹೆ

ಬೆಂಗಳೂರಿನ ಯಾವ ಗಲ್ಲಿಯಲ್ಲೇ ಆಗಲಿ, ಮಾರುತಿಯ ಹಳೆ ಜಿಪ್ಸಿ ಜೀಪಿನ ಬಾನೆಟ್ ಎತ್ತಿ ನಿಲ್ಲಿಸಿ ನೋಡಿ. ಹಾಲಿಗೆ ಹೊರಟವರು, ನಾಯಿ ಹಿಡಿದು ವಾಕಿಂಗ್ ಬಂದವರು, ಎರಡನೇ ಮಹಡಿಯಲ್ಲಿ ಹಲ್ಲುಜ್ಜುತ್ತಿರುವವರು, ಎಲ್ಲರೂ ಸೇರಿ ಕ್ಷಣಾರ್ಧದಲ್ಲಿ ಒಂದು ತಜ್ಞರ ಸಮಿತಿ ರಚನೆಯಾಗುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬಗ್ಗೆ ಈ ಸಮಿತಿಯದು ಗಂಭೀರ ಮೌನ. ಸಿಲಿಂಡರಿನೊಳಗೆ ಪೆಟ್ರೋಲಿಗೆ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ ಅಂದರೆ ಮಾತ್ರ ಎಲ್ಲರಿಗೂ ಬಾಯಿ. ಅಗ್ಗದ ಸಾಮಾನು, ಕೈಗೆ ಸಿಗುವ ಸಾಮಾನು, ಅಪರಾಧ ಹೊರಿಸಿದರೆ ತಿರುಗಿ ಮಾತಾಡದ ಸಾಮಾನು. ಹೀಗಾಗಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಸೋರಿದರೂ, ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್ ಸತ್ತರೂ, ಟ್ಯಾಂಕಿನಲ್ಲಿ ನೀರು ಸೇರಿದರೂ ಮೊದಲ ತೀರ್ಪು ಒಂದೇ: “ಪ್ಲಗ್ ಹೋಗಿದೆ ಸಾರ್, ಇರಿಡಿಯಂ ತುದಿಯದ್ದು ಹಾಕ್ಸಿ.”

ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗೆ ಹೋದರೆ ಇಷ್ಟು ಮಾತಿರುವುದಿಲ್ಲ. “ಕಾರ್ಬ್ಯುರೇಟರ್ರಾ, ಎಂಪಿಎಫ್‌ಐಯಾ?” ಅಂದರೆ, ಪೆಟ್ರೋಲನ್ನು ಕಾರ್ಬ್ಯುರೇಟರ್ ಬಡಿಸುತ್ತದೋ, ಕಂಪ್ಯೂಟರ್ ಅಳೆದು ಚಿಮ್ಮಿಸುತ್ತದೋ? ಅಷ್ಟೇ. ಇಡೀ ವ್ಯವಹಾರದಲ್ಲಿ ಕೇಳಬೇಕಾದ ಸರಿಯಾದ ಪ್ರಶ್ನೆ ಇದು, ಮತ್ತು ಮಾಲೀಕರು ತಡವರಿಸುವುದೂ ಇಲ್ಲೇ. 1985ರಲ್ಲಿ ಬಂದ ಜಿಪ್ಸಿಗೆ 970 ಸಿಸಿ ಎಂಜಿನ್. 1996ರ ಜಿಪ್ಸಿ ಕಿಂಗ್‌ಗೆ 1298 ಸಿಸಿ, ಎಂಟು ವಾಲ್ವ್, ಕಾರ್ಬ್ಯುರೇಟರ್. 2000ದಿಂದ ಹದಿನಾರು ವಾಲ್ವಿನ ಎಂಪಿಎಫ್‌ಐ. ಇದಿಷ್ಟೇ ಆಗಿದ್ದರೆ ಆರ್.ಸಿ. ಪುಸ್ತಕ ನೋಡಿ ಹೇಳಬಹುದಿತ್ತು. ಆದರೆ ನಮ್ಮೂರಿನ ಜಿಪ್ಸಿಗಳಲ್ಲಿ ಆರ್.ಸಿ. ಹೇಳುವುದು ಬಾಡಿಯ ವಯಸ್ಸು ಮಾತ್ರ. ಒಳಗಿನ ಎಂಜಿನ್ ಯಾವುದೋ ಎಸ್ಟೀಮ್ ಕಾರಿನ ಮನೆಯಿಂದ ದತ್ತು ಬಂದಿರಬಹುದು. ಆದ್ದರಿಂದ ಪುಸ್ತಕ ಬಿಟ್ಟು ಎಂಜಿನ್ ನೋಡಿ. ಎಂಟು ವಾಲ್ವಿನದರಲ್ಲಿ ಪ್ಲಗ್ಗುಗಳು ಪಕ್ಕದಲ್ಲಿ ಕಣ್ಣಿಗೆ ಕಾಣುವಂತೆ ಕೂತಿರುತ್ತವೆ, 21 ಎಂ.ಎಂ. ಸಾಕೆಟ್ ಬೇಕು. ಹದಿನಾರು ವಾಲ್ವಿನದರಲ್ಲಿ ನೆತ್ತಿಯ ಮೇಲೆ ಆಳವಾದ ಗುಂಡಿಯೊಳಗೆ ಇರುತ್ತವೆ, ಅದಕ್ಕೆ 16 ಎಂ.ಎಂ. ತೆಳು ಸಾಕೆಟ್ಟು.

ಮೊದಲನೆಯದಕ್ಕೆ ಹೊಂದುವುದು ಎನ್‌ಜಿಕೆ ಕಂಪನಿಯ ಲೆಕ್ಕದಲ್ಲಿ ಬಿಪಿಆರ್5ಇಎಸ್ ಅಥವಾ ಬಿಪಿಆರ್6ಇಎಸ್, ಎರಡನೆಯದಕ್ಕೆ ಬಿಕೆಆರ್ ಎಂದು ಶುರುವಾಗುವ ಬಳಗ. ಈ ಅಕ್ಷರಗಳನ್ನು ಅಂಗಡಿಯಲ್ಲಿ ಮಂತ್ರದ ಹಾಗೆ ಒದರುತ್ತಾರೆ, ಆದರೆ ಪ್ರತಿಯೊಂದಕ್ಕೂ ಒಂದೊಂದು ಕೆಲಸವಿದೆ. ‘ಬಿ’ ಅಂದರೆ 14 ಎಂ.ಎಂ. ಥ್ರೆಡ್. ‘ಪಿ’ ಅಂದರೆ ಪಿಂಗಾಣಿಯ ಮೂತಿ ಹೊರಗೆ ಚಾಚಿದೆ. ‘ಆರ್’ ಅಂದರೆ ಒಳಗೆ ಸುಮಾರು 5 ಕಿಲೋ ಓಮ್‌ನ ರೆಸಿಸ್ಟರ್. ಅದಿಲ್ಲದಿದ್ದರೆ ಸ್ಟೀರಿಯೋದಲ್ಲಿ ಹಾಡಿಗಿಂತ ಎಂಜಿನ್ನಿನ ಟಿಕಟಿಕವೇ ಜೋರು, ಎಂಪಿಎಫ್‌ಐನಲ್ಲಾದರೆ ಕಂಪ್ಯೂಟರಿಗೂ ತಲೆ ಕೆಡಬಹುದು. ‘ಇ’ ಅಂದರೆ ಥ್ರೆಡ್ಡಿನ ಉದ್ದ 19 ಎಂ.ಎಂ. ಈ ‘ಇ’ ಜಾಗದಲ್ಲಿ ‘ಎಚ್’ ಇದ್ದರೆ ಉದ್ದ 12.7ಕ್ಕೆ ಇಳಿಯುತ್ತದೆ. “ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್, ಕೂರುತ್ತೆ” ಅನ್ನುವ ಮಾತು ಬರುವುದು ಇಂಥ ಕಡೆ. ಕೂರುತ್ತದೆ, ನಿಜ. ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿನಲ್ಲಿ ಖಾಲಿ ಉಳಿದ ಥ್ರೆಡ್ಡಿಗೆ ಮಸಿ ಕಟ್ಟಿ, ಮುಂದೆ ಸರಿಯಾದ ಪ್ಲಗ್ ತಂದರೆ ಅದು ಕೂರುವುದಿಲ್ಲ. ಗಿಡ್ಡನೆಯ ಥ್ರೆಡ್ಡಿರುವ ಹಳೆ ವಿಲ್ಲೀಸ್ ಜೀಪಿಗೆ ಉದ್ದನೆಯದನ್ನು ಹಾಕುವುದು ಇದರ ತದ್ವಿರುದ್ಧ ಸಾಹಸ. ಪಿಸ್ಟನ್ನೋ ವಾಲ್ವೋ ಮೇಲೆ ಬಂದು ಕೈಕುಲುಕುತ್ತದೆ.

ಇನ್ನು ಹೆಸರಿನ ನಡುವಿನ 5, 6 ಎಂಬ ಅಂಕಿ. ಅದು ಪ್ಲಗ್ಗು ಶಾಖವನ್ನು ಎಷ್ಟು ಬೇಗ ಹೆಡ್ಡಿಗೆ ದಾಟಿಸುತ್ತದೆ ಎನ್ನುವ ಲೆಕ್ಕ. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗೆ. ಡೆನ್ಸೊ ಕಂಪನಿಯಲ್ಲೂ ಹಾಗೇ, ಆದರೆ ಎನ್‌ಜಿಕೆಯ 6 ಅಲ್ಲಿ 20. ಬಾಷ್ ಮತ್ತು ಚಾಂಪಿಯನ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಬಿಸಿ! ಎಲ್ಲರದ್ದೂ ಒಂದು ದಾರಿಯಾದರೆ ಎಡವಟ್ಟನದೇ ಒಂದು ದಾರಿ, ಇಲ್ಲಿ ಎಡವಟ್ಟ ಯಾರೆಂದು ತೀರ್ಮಾನವಾಗಿಲ್ಲ ಅಷ್ಟೇ. ಎನ್‌ಜಿಕೆ ಬಿಪಿಆರ್6ಇಎಸ್‌ಗೆ ಸಮನಾದದ್ದು ಬಾಷ್ ಡಬ್ಲ್ಯುಆರ್7ಡಿಸಿ. “ಆರಕ್ಕಿಂತ ಏಳು ದೊಡ್ಡದು, ಒಳ್ಳೇದೇ ಇರ್ಬೇಕು” ಎಂದುಕೊಂಡು ಎನ್‌ಜಿಕೆಯಲ್ಲೇ 7 ತಂದವರ ಗಾಡಿ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಕೆಮ್ಮತೊಡಗುತ್ತದೆ.

ಕೆಮ್ಮುವುದಕ್ಕೆ ಕಾರಣವೂ ಇದೆ. ಪ್ಲಗ್ಗಿನ ಮೂತಿ ಸುಮಾರು 450 ಡಿಗ್ರಿ ಮುಟ್ಟಿದರೆ ಮಾತ್ರ ಅದರ ಮೇಲಿನ ಮಸಿ ತಾನೇ ಸುಟ್ಟುಹೋಗುತ್ತದೆ. ಒಂದು ಅಂಕಿ ಆಚೀಚೆಯಾದರೆ ಮೂತಿಯ ಶಾಖದಲ್ಲಿ 70ರಿಂದ 100 ಡಿಗ್ರಿ ವ್ಯತ್ಯಾಸ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರ, ಗಾಳಿ ಶೇಕಡ 8-9ರಷ್ಟು ತೆಳು. ಕಾರ್ಬ್ಯುರೇಟರಿಗೆ ಈ ಭೂಗೋಳ ಗೊತ್ತಿಲ್ಲ, ಅದು ಕೆಳಗಿನ ಲೆಕ್ಕದಲ್ಲೇ ಪೆಟ್ರೋಲು ಬಡಿಸುತ್ತದೆ. ಅದರ ಮೇಲೆ ಡಿಸೆಂಬರ್ ಬೆಳಗಿನ ಚಳಿಗೆ ಪೆಟ್ರೋಲು ಹೆಚ್ಚಿಸುವ ಚೋಕು, ಆಮೇಲೆ ಅರ್ಧ ಗಂಟೆ ಐಡ್ಲಿಂಗು. ಮಸಿ ಕೂರದೆ ಇನ್ನೇನು? ಊರೊಳಗೇ ಓಡುವ ಗಾಡಿಗೆ 5 ಸರಿ. ಸಾಮಾನು ಹೇರಿಕೊಂಡು ಶಿರಾಡಿ ಘಾಟಿ ಹತ್ತುವುದೇ ಹವ್ಯಾಸವಾದರೆ 6.

ಆದರೆ ಹೊಸದನ್ನು ಕೊಳ್ಳುವ ಮುಂಚೆ ಹಳೆಯ ನಾಲ್ಕನ್ನು ಸಿಲಿಂಡರ್ ಕ್ರಮದಲ್ಲೇ ಸಾಲಾಗಿ ಇಟ್ಟು ನೋಡಬೇಕು. ಗ್ಯಾರೇಜಿನಲ್ಲಿ ಇವನ್ನು ಬಿಚ್ಚಿದ ಕೂಡಲೇ ಒಂದೇ ಡಬ್ಬಕ್ಕೆ ಹಾಕಿ ಅಲ್ಲಾಡಿಸುವ ಪದ್ಧತಿಯಿದೆ. ಸಾಕ್ಷಿ ನಾಶಕ್ಕೆ ಇದಕ್ಕಿಂತ ಚೊಕ್ಕ ಉಪಾಯವಿಲ್ಲ. ಮೂತಿ ಬಿಸ್ಕತ್ತು ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿಯಾದರೆ ಏರ್ ಫಿಲ್ಟರ್, ಚೋಕ್, ಕಾರ್ಬ್ಯುರೇಟರ್ ನೋಡಿ. ಜಿಡ್ಡು ಕಪ್ಪಾದರೆ ವಾಲ್ವ್ ಸೀಲೋ ಪಿಸ್ಟನ್ ರಿಂಗೋ ಎಣ್ಣೆ ಕುಡಿಸುತ್ತಿದೆ, ಹೊಸ ಪ್ಲಗ್ಗೂ ಅದನ್ನೇ ಕುಡಿಯುತ್ತದೆ. ಬಿಳಿಚಿ ಗುಳ್ಳೆ ಎದ್ದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಕಿಡಿ ಹಾರುವ ಟೈಮಿಂಗ್ ಮುಂದೆ ಹೋಗಿದೆ. ಪಿಂಗಾಣಿಯ ಹೊರಮೈಯಲ್ಲಿ, ಲೋಹ ಶುರುವಾಗುವ ಕಡೆ ಕಂದು ಉಂಗುರ ಕಂಡರೆ ಗಾಬರಿ ಬೇಡ. ಅಧಿಕ ವೋಲ್ಟೇಜು ಎಳೆದುಕೊಂಡ ಎಣ್ಣೆಕಣಗಳ ಕಲೆ ಅದು. “ಕಂಪ್ರೆಶನ್ ಲೀಕು, ಹೆಡ್ ಇಳಿಸ್ಬೇಕು” ಎಂದು ಹೇಳಿಸಿಕೊಳ್ಳುವುದೂ ಪಾಪ ಇದೇ ಕಲೆ.

ಇರಿಡಿಯಂ ವಿಷಯ. ಅದರ ತುದಿ ತೆಳು, ಬಾಳಿಕೆ ಹೆಚ್ಚು, ಸ್ಪಾರ್ಕಿಗೆ ವೋಲ್ಟೇಜ್ ಕಡಿಮೆ ಸಾಕು. ಆದರೆ ಮಸಿ ಉಗುಳುವ ಕಾರ್ಬ್ಯುರೇಟರ್ ಎಂಜಿನ್ನಿಗೆ ಅದನ್ನು ಹಾಕಿದರೆ ದುಬಾರಿ ಪ್ಲಗ್ಗಿಗೂ ಅದೇ ಮಸಿ. ಮಾಮೂಲಿ ನಿಕ್ಕಲ್ ಪ್ಲಗ್ ಸಾಕು, ದುಡ್ಡು ಉಳಿದರೆ ಪ್ಲಗ್ ವೈರು ಬದಲಿಸಿ.

ಪ್ಯಾಕೆಟ್ ಬಿಚ್ಚಿದ ಮೇಲೆ ಗ್ಯಾಪು, ಅಂದರೆ ಕಿಡಿ ಹಾರುವ ಸಂದು. ಕಾರ್ಬ್ಯುರೇಟರ್ ಎಂಜಿನ್ನಿಗೆ 0.7ರಿಂದ 0.8 ಎಂ.ಎಂ.; ಎಂಪಿಎಫ್‌ಐಗೆ 1.0ರಿಂದ 1.1. ಹೆಸರಿನ ಕೊನೆಯಲ್ಲಿ 11 ಎಂದಿದ್ದರೆ 1.1ಕ್ಕೆ ಕಟ್ಟಿ ಕಳಿಸಿದ್ದಾರೆ ಎಂದರ್ಥ. ಆದರೂ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿಯೇ ನೋಡಿ. ಡಬ್ಬ ಎಷ್ಟು ಸಲ ಬಿದ್ದಿದೆಯೋ. ಬಗ್ಗಿಸುವುದು ಹೊರಗಿನ ಕೊಕ್ಕೆಯನ್ನು ಮಾತ್ರ, ನಡುವಿನದನ್ನು ಮೀಟಿದರೆ ಪಿಂಗಾಣಿ ಸೀಳುತ್ತದೆ. ನೆತ್ತಿಯ ಮೇಲಿನ ಟರ್ಮಿನಲ್ ನಟ್ಟನ್ನೂ ಪ್ಲೈಯರಿನಲ್ಲಿ ಬಿಗಿ ಮಾಡಿ. ಅದು ಸಡಿಲವಿದ್ದು ಗಾಡಿ ಮಿಸ್ ಹೊಡೆದರೆ ಮೂರು ಮೆಕ್ಯಾನಿಕ್ಕುಗಳ ಊಟದ ಖರ್ಚು ಹುಟ್ಟುತ್ತದೆ.

ಹಾಕುವಾಗ ಎಂಜಿನ್ ತಣ್ಣಗಿರಲಿ, ಹೆಡ್ ಅಲ್ಯೂಮಿನಿಯಂ. ಹಳೆಯದನ್ನು ಬಿಚ್ಚುವ ಮೊದಲು ಸುತ್ತ ಗಾಳಿ ಹೊಡೆಯಿರಿ, ಮಾಕಳಿದುರ್ಗದ ದಾರಿಯ ಮಣ್ಣು ಸಿಲಿಂಡರಿಗೆ ಬೇಡ. ಹದಿನಾರು ವಾಲ್ವಿನ ಗುಂಡಿಯಲ್ಲಿ ಎಣ್ಣೆ ನಿಂತಿದ್ದರೆ ಟ್ಯೂಬ್ ಸೀಲ್ ಹೋಗಿದೆ. ಮೊದಲು ಅದನ್ನು ಒರೆಸಿ. ವೈರುಗಳನ್ನು ಒಂದೊಂದಾಗಿ ಮಾತ್ರ ಕೀಳಿ. ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ, ಅಂದರೆ ಫೈರಿಂಗ್ ಆರ್ಡರ್, 1-3-4-2, ಎರಡು ಅದಲುಬದಲಾದರೆ ಕಾರ್ಬ್ಯುರೇಟರ್ ಪಟಾಕಿ ಹೊಡೆಯುತ್ತದೆ. ಹೊಸ ಪ್ಲಗ್ಗಿನ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ತಿರುಗಿಸಿ. ಥ್ರೆಡ್ ಅಡ್ಡ ಹತ್ತಿದರೆ ಪೈಪು ಜಾರುತ್ತದೆ, ಸ್ಪ್ಯಾನರ್ ಹಾಗೆ ಜಾರದೆ ಹೆಡ್ಡನ್ನೇ ಕೊರೆಯುತ್ತದೆ. ಬೆರಳ ಬಿಗಿ ಮುಗಿದ ಮೇಲೆ ಹೊಸ ವಾಷರಿಗೆ ಅರ್ಧದಿಂದ ಮೂರನೇ ಎರಡು ಸುತ್ತು. ಟಾರ್ಕ್ ರೆಂಚ್ ಇದ್ದವರಿಗೆ 25 ನ್ಯೂಟನ್ ಮೀಟರ್ ಆಸುಪಾಸು. ಥ್ರೆಡ್ಡಿಗೆ ಗ್ರೀಸು, ಆ್ಯಂಟಿ-ಸೀಜ್ ಲೇಪ ಬಳಿಯಬೇಡಿ. ಅದು ಜಾರಿಕೆ ಕೊಟ್ಟು ನಿಮ್ಮ ಅಂದಾಜಿಗಿಂತ ಹೆಚ್ಚು ಬಿಗಿ ಮಾಡಿಸುತ್ತದೆ.

ಹಳೆಯದರಲ್ಲಿ ಬಿಸ್ಕತ್ತು ಬಣ್ಣದವು ಸಿಕ್ಕರೆ ಬಿಸಾಡದೆ ಗಾಡಿಯಲ್ಲಿಡಿ, ಸ್ಕಂದಗಿರಿಯ ಕೆಳಗೆ ಪ್ಲಗ್ ಮಾರುವವರಿಲ್ಲ. ಜೊತೆಗೆ ಸಾಕೆಟ್ಟು. ಒಳಗೆ ರಬ್ಬರ್ ಬುಷ್ ಇರುವ ಸಾಕೆಟ್ಟೇ ಆಗಬೇಕು. ಇಲ್ಲದಿದ್ದರೆ ಬಿಚ್ಚಿದ ಪ್ಲಗ್ಗು ಗುಂಡಿಯಲ್ಲೇ ಉಳಿಯುತ್ತದೆ, ಬರೀ ಸಾಕೆಟ್ಟು ಮೇಲೆ ಬರುತ್ತದೆ.