ಪಿನ್‌ಕೋಡ್ ನೋಡಿ ಭಾಷೆ ತೀರ್ಮಾನಿಸಬೇಡಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ಅಮ್ಮನ ಫೋನಿಗೆ ಹೊಸ ಆ್ಯಪ್ ಹಾಕಿಕೊಟ್ಟೆ. ಭಾಷೆ ಕೇಳಿತು, ಅಮ್ಮ ಕನ್ನಡ ಒತ್ತಿದರು. ಪರದೆಯೆಲ್ಲ ಕನ್ನಡವೇ. ಆದರೆ ಬಿಲ್ ಬಂದದ್ದು ಮಲಯಾಳದಲ್ಲಿ. ಕೊನೆಯ ದಿನ ಯಾವುದು, ತಪ್ಪಿದರೆ ದಂಡ ಎಷ್ಟು, ಆ ಸಾಲೂ ಮಲಯಾಳದಲ್ಲೇ. ಅಮ್ಮ ಓದಲೇಬೇಕಾದದ್ದು ಅದೇ ಅಲ್ವಾ?

ಇಂಥ ಸಾಫ್ಟ್‌ವೇರ್‌ಗಳನ್ನು ಜೋಡಿಸುವುದೇ ನನ್ನ ಕೆಲಸ. ಹಾಗಾಗಿ ಸಿಟ್ಟು ಜಾಸ್ತಿ. ಆ್ಯಪ್ ಒಂದು ಸಿಸ್ಟಮ್, ಬಿಲ್ಲಿಂಗ್ ಇನ್ನೊಂದು, ಮೆಸೇಜ್ ಮತ್ತೊಂದು. ಹೆಸರು, ನಂಬರ್, ವಿಳಾಸ ಎಲ್ಲ ದಾಟಿಸುತ್ತಾರೆ, ಭಾಷೆಯನ್ನು ಮಾತ್ರ ಬಿಟ್ಟುಬಿಡುತ್ತಾರೆ. ದಾಟಿಸಿದರೂ ಕನ್ನಡದ ಸಂಕೇತ ಒಂದು ಕಡೆ 'ಕೆಎನ್', ಇನ್ನೊಂದು ಕಡೆ 'ಕೆಎನ್-ಐಎನ್'. ಎರಡೂ ತಾಳೆಯಾಗಲಿಲ್ಲವೋ, ಸೀದಾ ಡೀಫಾಲ್ಟ್, ಅಂದರೆ ಮೊದಲೇ ಇಟ್ಟ ಭಾಷೆ. ಅದನ್ನು ರಾಜ್ಯ ನೋಡಿ ಇಟ್ಟಿರುತ್ತಾರೆ! 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು ಅಂತ ನಮ್ಮ ಮನೆಮಾತು ಬದಲಾಯಿತಾ?

ದಾರಿ ಇಲ್ಲ ಅಂತಲ್ಲ. ಲಾಗಿನ್‌ಗೆ ಬಳಸುವ ಓಪನ್‌ಐಡಿ ಕನೆಕ್ಟ್‌ನಲ್ಲಿ ಬಳಕೆದಾರರ ಭಾಷೆ ತಿಳಿಸಲು 'ಲೊಕೇಲ್' ಅಂತ ಜಾಗವೇ ಇದೆ. ಬಳಕೆದಾರರ ಮಾಹಿತಿ ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಸಾಗಿಸುವ 'ಸ್ಕಿಮ್' ಅನ್ನೋ ಪದ್ಧತಿಯಲ್ಲಿ 'ಪ್ರಿಫರ್ಡ್‌ ಲ್ಯಾಂಗ್ವೇಜ್' ಇದೆ. ಸುಮ್ನೆ ಖಾಲಿ ಬಿಡಬೇಡಿ, ತುಂಬಿಸಿ ಕಳಿಸಿ. ಟೆಸ್ಟಿಂಗ್‌ನಲ್ಲಿ ಕಾಸರಗೋಡಿನ ವಿಳಾಸ, ಕನ್ನಡ ಭಾಷೆ ಇರುವ ಒಂದು ಖಾತೆ ಹಾಕಿ, ಬಿಲ್ ಕೈಗೆ ಬರುವ ತನಕ ನೋಡಿ.