ಅಂಕಿ ಸರಿ, ಎಣಿಕೆ ಯಾವ ತಿಂಗಳಿಂದ?

ಅಮೆರಿಕದ ರಾಜಕಾರಣಿಗಳ ಮಾತು ನಿಜವೋ ಸುಳ್ಳೋ ಎಂದು ಪರಿಶೀಲಿಸಿದ ನಿಮ್ಮ ಲೇಖನದಲ್ಲಿ, ಅಲ್ಲಿ ಉದ್ಯೋಗ ಹೆಚ್ಚಿದೆ ಎಂಬ ಹೇಳಿಕೆಗೆ ‘ಅಂಕಿ ಸರ್ಕಾರಿ ವರದಿಯದ್ದೇ, ಹಾಗಾಗಿ ನಿಜ’ ಎಂದು ನೀವು ಕೊಟ್ಟಿರುವ ತೀರ್ಪನ್ನು ನಾನು ಒಪ್ಪುವುದಿಲ್ಲ. ಅಂಕಿ ಸರಿಯಿದ್ದೂ ಮಾತು ಸುಳ್ಳಾಗಬಹುದು. ಕೋವಿಡ್‌ನಿಂದಾಗಿ 2020ರ ಏಪ್ರಿಲ್ ಒಂದೇ ತಿಂಗಳಲ್ಲಿ ಅಲ್ಲಿ ಸುಮಾರು 2 ಕೋಟಿ ಉದ್ಯೋಗ ಹೋಯಿತು. ಆ ತಳದಿಂದ ಎಣಿಸಲು ಶುರು ಮಾಡಿದರೆ, ಮುಚ್ಚಿದ್ದ ಹೋಟೆಲು ಮತ್ತೆ ಬಾಗಿಲು ತೆರೆದು ಹಳೆಯ ಕೆಲಸಗಾರರನ್ನೇ ಕರೆಸಿಕೊಂಡದ್ದೂ ‘ಉದ್ಯೋಗ ಸೃಷ್ಟಿ’ಯೇ. ಟ್ರಂಪ್, ಬೈಡನ್ ಇಬ್ಬರೂ ಈ ಚೇತರಿಕೆಯನ್ನು ತಮ್ಮ ಸಾಧನೆ ಎಂದು ಹೇಳಿಕೊಂಡವರೇ.

ನಿರುದ್ಯೋಗ ದರದ್ದೂ ಇದೇ ಕಥೆ. ತಾತ್ಕಾಲಿಕವಾಗಿ ಮನೆಗೆ ಕಳಿಸಿದವರನ್ನು ಬಿಟ್ಟರೆ, ಕಳೆದ 4 ವಾರಗಳಲ್ಲಿ ಕೆಲಸ ಹುಡುಕದವರು ಆ ಲೆಕ್ಕಕ್ಕೇ ಸೇರುವುದಿಲ್ಲ. ಅಲೆದು ಸೋತು ಕೈಚೆಲ್ಲಿದವರು ಹೆಚ್ಚಾದಷ್ಟೂ ದರ ಇಳಿಯುತ್ತದೆ! ಇದನ್ನು ಹೇಳದೆ ‘ನಿಜ’ದ ಮುದ್ರೆ ಒತ್ತುವುದು ಹಾಗೆ ಕೈಚೆಲ್ಲಿದವರಿಗೆ ಮಾಡುವ ಅನ್ಯಾಯ.

ಆರೋಗ್ಯ ವಿಮೆಯ ಭಾಗ ಮಾತ್ರ ಚೆನ್ನಾಗಿದೆ. ‘ಇಷ್ಟವಾದ ವಿಮೆಯನ್ನು ಉಳಿಸಿಕೊಳ್ಳಬಹುದು’ ಎಂಬ ಒಬಾಮಾ ಭರವಸೆಯನ್ನು, 2013ರಲ್ಲಿ ಪಾಲಿಸಿ ರದ್ದಾದ ಲಕ್ಷಾಂತರ ಜನರನ್ನು ಮುಂದಿಟ್ಟು ಅಳೆದಿದ್ದೀರಿ. ಉದ್ಯೋಗಕ್ಕೂ ಅದೇ ಅಳತೆ ಹಿಡಿಯಿರಿ. ಕೋವಿಡ್‌ಗೆ ಮುಂಚಿನ 2020ರ ಫೆಬ್ರವರಿಯಿಂದ ನೋಡಿದರೆ ಎಷ್ಟು ಹೆಚ್ಚಿದೆ ಎಂಬುದನ್ನೂ ಪಕ್ಕದಲ್ಲೇ ಕೊಡಿ.