ಬ್ಯಾಟರಿ ಕೇಬಲ್ ಜೇಬಿಗೆ ಹಾಕಿಕೊಂಡ ಅಜ್ಜ

ಇಂಗ್ಲೆಂಡಿಗೆ ಬಂದು 14 ವರ್ಷವಾಯಿತು. ಇಷ್ಟು ವರ್ಷದಲ್ಲಿ ನಾನು ಮಾಡಿದ ದೊಡ್ಡ ಹುಚ್ಚು ಕೆಲಸ ಅಂದರೆ ಎಂಜಿಬಿ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದನ್ನು, ಅದೂ ತುಕ್ಕು ಹಿಡಿದದ್ದನ್ನು, ಕೊಂಡದ್ದು. 1972ರ ಮಾಡೆಲ್. ಎರಡೇ ಸೀಟು, ಮಡಚುವ ಬಟ್ಟೆ ಟಾಪು, ಕ್ರೋಮ್ ಬಂಪರ್. ಯಾರದೋ ಶೆಡ್ಡಿನಲ್ಲಿ 18 ವರ್ಷ ನಿಂತಿತ್ತು. ಮೇಲೆ ಹಳೇ ಕಂಬಳಿ, ಒಳಗೆ ಇಲಿ ಗೂಡು, ನಾಲ್ಕೂ ಟೈರು ಚಪ್ಪಟೆ. ನನ್ನ ಹೆಂಡತಿ ಒಂದು ಸುತ್ತು ಬಂದು ನೋಡಿ, "ಇದಕ್ಕೆ ನೀವು ದುಡ್ಡು ಕೊಟ್ರಾ, ಇಲ್ಲಾ ಅವರೇ ಕೊಟ್ಟು ಕಳಿಸಿದ್ರಾ?" ಅಂದಳು.

ಕೊಳ್ಳಲು ಕಾರಣ ಬಾನೆಟ್ಟಿನ ಕೆಳಗಿತ್ತು. ತೆಗೆದು ನೋಡಿದ ಕೂಡಲೇ ಎಲ್ಲೋ ನೋಡಿದ ಮುಖ ಅನ್ನಿಸಿತು. ಅಪ್ಪನ ಟ್ಯಾಕ್ಸಿ ಅಂಬಾಸಿಡರ್! ಅದರ 1489 ಸಿಸಿ ಎಂಜಿನ್ನು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಮನೆತನದ್ದು. ಎಂಜಿಬಿಯ 1798 ಸಿಸಿ ಎಂಜಿನ್ನೂ ಅದೇ ಮನೆತನ. ಒಬ್ಬ ತಮ್ಮ ಇಲ್ಲಿನ ಅಬಿಂಗ್ಡನ್ ಊರಿನಲ್ಲಿ ಸ್ಪೋರ್ಟ್ಸ್ ಕಾರಾದ, ಇನ್ನೊಬ್ಬ ನಮ್ಮಲ್ಲಿಗೆ ಬಂದು ಏಳು ಜನರನ್ನೂ ಒಂದು ಮೂಟೆ ಅಕ್ಕಿಯನ್ನೂ ಹೊತ್ತ. ಎಂಜಿಬಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಹಾಗಾಗಿ ಇದೇನೂ ಅಪರೂಪದ ಕಾರಲ್ಲ. ಇಲ್ಲಿ ಸುಮಾರು ಮನೆಗಳ ಶೆಡ್ಡಿನಲ್ಲಿ ಇಂಥದ್ದೊಂದು 'ಮುಂದಿನ ವರ್ಷ ರೆಡಿ ಮಾಡೋಣ' ಅಂತ ಕೂತಿರುತ್ತದೆ.

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ. ವಯಸ್ಸು 78, ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಇಲ್ಲಿನ ರೂಢಿಯಂತೆ ಅವರನ್ನು ಹೆಸರು ಹಿಡಿದು ಕರೆಯಬೇಕು. ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಹೆಸರನ್ನು ನುಂಗಿಕೊಂಡು ಬರೀ 'ಹಲೋ' ಅಂತ ಶುರು ಮಾಡುತ್ತೇನೆ. ಮನೆಯೊಳಗೆ ನಮಗೆ ಅವರು ಅಜ್ಜ.

ಗಾಡಿ ಬಂದ ಮಾರನೇ ದಿನವೇ ನಾನು ಹೊಸ ಬ್ಯಾಟರಿ ತಂದೆ. ಈ ಕಾರಿಗೆ 6 ವೋಲ್ಟಿನ ಎರಡು, ಸೀಟಿನ ಹಿಂದೆ ಕೂರುತ್ತವೆ. ಮೊದಲು ಎಂಜಿನ್ ಓಡಿಸಿ ನೋಡುವುದು, ನಮ್ಮೂರ ಗ್ಯಾರೇಜಿನಲ್ಲಿ ಕಲಿತದ್ದೇ ಹಾಗೆ. ನಿಂತ ಗಾಡಿ ಬಂದರೆ ಮೇಸ್ತ್ರಿ ಮೊದಲು ಪ್ಲಗ್ಗು ಬಿಚ್ಚಿ ಉಜ್ಜುತ್ತಿದ್ದರು. ಕಾರ್ಬೊರೇಟರಿಗೆ ನಾಲ್ಕು ಹನಿ ಪೆಟ್ರೋಲು ಬಿಡುತ್ತಿದ್ದರು. "ಒಂದ್ಸಲ ಉಸಿರು ಬರ್ಲಿ, ಆಮೇಲೆ ಮಿಕ್ಕಿದ್ದು ನೋಡೋಣ" ಅನ್ನುತ್ತಿದ್ದರು. ಎಂಜಿನ್ ಒಂದು ಸಲ ಗುಡುಗಿದರೆ ಅಲ್ಲಿದ್ದವರೆಲ್ಲ ನಗುತ್ತಿದ್ದರು. ಗಿರಾಕಿಯೂ ಧೈರ್ಯವಾಗಿ ದುಡ್ಡು ಬಿಚ್ಚುತ್ತಿದ್ದ.

ನಾನು ಕೀ ತಿರುಗಿಸುವ ಹೊತ್ತಿಗೆ ಅಜ್ಜ ಬೇಲಿ ದಾಟಿ ಬಂದರು. "ಇದು ಓಡಿತು ಅಂತಿಟ್ಟುಕೋ, ನಿಲ್ಲಿಸುವುದು ಹೇಗೆ?" ಅಂತ ಕೇಳಿದರು. ಬಗ್ಗಿ ಬ್ಯಾಟರಿ ಕೇಬಲ್ ಬಿಚ್ಚಿದರು. ಕೋಟಿನ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿಬಿಟ್ಟರು. ಆ ಕೇಬಲ್ ನನ್ನ ಕೈಗೆ ವಾಪಸ್ ಬಂದದ್ದು ಏಳು ತಿಂಗಳಾದ ಮೇಲೆ.

ಆಗ ಸಿಟ್ಟು ಬಂದದ್ದು ನಿಜ. ಬ್ರೇಕ್ ಬಿಚ್ಚಿದ ಮೇಲೆ ಇಳಿಯಿತು. ಹಿಂದಿನ ಎರಡೂ ವೀಲ್ ಸಿಲಿಂಡರ್ ಜಾಮ್. ಮುಂದಿನ ಡಿಸ್ಕ್ ಬ್ರೇಕಿನ ಪಿಸ್ಟನ್ನುಗಳ ಮೇಲೆ ತುಕ್ಕಿನ ಗುಳಿ. ರಬ್ಬರ್ ಪೈಪುಗಳು ಹೊರಗಿನಿಂದ ಚೆನ್ನಾಗೇ ಕಂಡವು. ಕತ್ತರಿಸಿದರೆ ಒಳಗೆ ಊದಿಕೊಂಡು ದಾರಿಯೇ ಮುಚ್ಚಿತ್ತು. ನಾವು ಬ್ರೇಕ್ ಆಯಿಲ್ ಅನ್ನುತ್ತೇವೆ, ಆದರೆ ಈ ಕಾರಿಗೆ ಹಾಕುವಂಥದ್ದು ಎಣ್ಣೆಯಲ್ಲ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬದಲಾಯಿಸದೇ ಬಿಟ್ಟರೆ ಆ ನೀರು ಲೋಹವನ್ನು ಒಳಗಿನಿಂದ ತಿನ್ನುತ್ತದೆ. ನನ್ನ ಕಾರಿನಿಂದ ಇಳಿದದ್ದು ಕಷಾಯದ ಬಣ್ಣದ್ದು. ಅವತ್ತು ಎಂಜಿನ್ನಿಗೆ ಉಸಿರು ಬಂದಿದ್ದರೆ ನಾನು ಖಂಡಿತ ಬೀದಿಗೆ ಇಳಿಸುತ್ತಿದ್ದೆ. ನನ್ನ ಬುದ್ಧಿ ನನಗೆ ಗೊತ್ತಿಲ್ವಾ.

ಎಂಜಿನ್ನಿಗೂ ಆ ಆತುರ ಒಳ್ಳೆಯದಲ್ಲ. ವರ್ಷಗಟ್ಟಲೆ ನಿಂತರೆ ಬೋರಿನಲ್ಲಿ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯಲ್ಲಿ, ಇದ್ದ ಎಣ್ಣೆ ಪೂರ್ತಿ ಇಳಿದುಹೋಗುತ್ತದೆ. ಪಿಸ್ಟನ್ ರಿಂಗು ಗೋಡೆಗೆ ಅಂಟಿರಬಹುದು. ಸೆಲ್ಫ್ ಹೊಡೆದರೆ ಗೀರು ಗ್ಯಾರಂಟಿ. ಅಜ್ಜ ಪ್ಲಗ್ಗಿನ ತೂತುಗಳಲ್ಲಿ ಸ್ವಲ್ಪ ಸ್ವಲ್ಪ ಎಣ್ಣೆ ಬಿಡಿಸಿ ಒಂದು ವಾರ ಮುಟ್ಟಬೇಡ ಅಂದರು. ಆಮೇಲೆ ಕೈಯಿಂದಲೇ ತಿರುಗಿಸಿದೆವು. ಮೊದಲು ಬೆರಳಗಲ, ಆಮೇಲೆ ಅರ್ಧ ಸುತ್ತು, ಕೊನೆಗೆ ಪೂರ್ತಿ. ನಮ್ಮ ಮೇಸ್ತ್ರಿಗೂ ಇದೆಲ್ಲ ಗೊತ್ತಿತ್ತು ಅಂತ ನನ್ನ ನಂಬಿಕೆ. ಆದರೆ ಅವರ ಗಿರಾಕಿಗೆ ನಾಳೆ ಬಾಡಿಗೆಗೆ ಗಾಡಿ ಬೇಕಿತ್ತು. ಅಜ್ಜನಿಗೆ ನಾಳೆ ಏನೂ ಬೇಕಿಲ್ಲ. ಎರಡು ರೀತಿಗಳ ನಡುವಿನ ವ್ಯತ್ಯಾಸದಲ್ಲಿ ಅರ್ಧ ಇದೇ ಇರಬೇಕು.

ಇನ್ನು ತುಕ್ಕು. ಇದೇ ದೊಡ್ಡ ಕತೆ. ಇಲ್ಲಿ ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲಿ ಅಂತ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ಗಾಡಿಯ ಹೊಟ್ಟೆಗೆ ಹಾರುತ್ತದೆ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅದರಲ್ಲೂ ಗಟ್ಟಿ ಟಾಪಿಲ್ಲದ ಕಾರಿನ ಬೆನ್ನೆಲುಬು ಅಂದರೆ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್. ಹೊರಗೊಂದು ತಗಡು, ಒಳಗೊಂದು, ನಡುವೆ ಇನ್ನೊಂದು ಸೇರಿ ಪೆಟ್ಟಿಗೆಯಂತೆ ಇರುತ್ತದೆ. ಅದು ಕೊಳೆತರೆ ಕಾರು ಮಧ್ಯದಲ್ಲಿ ಜೋತು ಬೀಳುತ್ತದೆ, ಬಾಗಿಲು ಕಚ್ಚಿಕೊಳ್ಳುತ್ತದೆ.

ನನ್ನ ಕಾರಿನ ಸಿಲ್ಲು ನೋಡಲು ಲಕ್ಷಣವಾಗಿತ್ತು. ಅಜ್ಜ ಒಂದು ಆಯಸ್ಕಾಂತ ತಂದು ಇಟ್ಟರು, ನಿಲ್ಲಲಿಲ್ಲ. ಸ್ಕ್ರೂಡ್ರೈವರಿನಿಂದ ಕುಕ್ಕಿದರೆ ಬಿಸ್ಕತ್ತಿನ ಹಾಗೆ ಉದುರಿತು. ಒಳಗೆ ಪುಟ್ಟಿ, ಅದರ ಹಿಂದೆ ಹಳೇ ಪೇಪರಿನ ಉಂಡೆ, ಕೊಳೆತ ತಗಡಿನ ಮೇಲೇ ಇನ್ನೊಂದು ತಗಡಿನ ಹೊದಿಕೆ! ಪುಟ್ಟಿ ಮೆತ್ತಿ ಪೇಂಟ್ ಹೊಡೆಯುವುದು ನಮ್ಮ ಟಿಂಕರಿಂಗಿನವರ ಕಸುಬು ಅಂದುಕೊಂಡಿದ್ದೆ. ಇಲ್ಲಿಯ ಪುಣ್ಯಾತ್ಮರೂ ಏನೂ ಕಮ್ಮಿ ಇಲ್ಲ. ನನಗೆ ಒಳಗೊಳಗೇ ಒಂಥರಾ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ.

ಸಿಲ್ ಕತ್ತರಿಸುವ ಮೊದಲು ಮಾಡುವ ತಯಾರಿಯೇ ನನಗೆ ಜಾಸ್ತಿ ಹಿಡಿಸಿದ್ದು. ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದು ಅದು ಕದಲದಂತೆ ಕಟ್ಟಬೇಕು. ಗಾಡಿಯ ತೂಕಕ್ಕೆ ಸರಿಯಾದ ಜಾಗದಲ್ಲಿ ಆಸರೆ ಕೊಡಬೇಕು. ಒಂದು ಬದಿ ಮುಗಿಯುವ ತನಕ ಇನ್ನೊಂದು ಬದಿ ಮುಟ್ಟಬಾರದು. ಸ್ವಲ್ಪ ಸ್ವಲ್ಪ ಬೆಸೆದು, ಬಾಗಿಲು ಹಾಕಿ, ಸಂದು ನೋಡಿ, ಮತ್ತೆ ಬೆಸೆಯಬೇಕು. ಅಜ್ಜ ಪ್ರತಿ ಸಲವೂ ಸಂದನ್ನು ಅಳೆದು ನೋಟ್‌ಬುಕ್ಕಿನಲ್ಲಿ ಬರೆದರು. ನಮ್ಮಲ್ಲಿ ಇದೇ ಕೆಲಸ ಕಣ್ಣಳತೆಯಲ್ಲಿ ನಡೆಯುತ್ತದೆ. ಕಣ್ಣು ಚೆನ್ನಾಗಿದ್ದರೆ ಕೆಲಸವೂ ಚೆನ್ನ. ಆದರೆ ಆ ಮೇಸ್ತ್ರಿ ಊರಿಗೆ ಹೋದ ದಿನ ಗ್ಯಾರೇಜಿನಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ, ಅಲ್ವಾ?

ಇಲ್ಲಿಯವರೆಗೆ ಓದಿ ಇವನು ಪೂರ್ತಿ ಇಂಗ್ಲೆಂಡಿನವನಾದ ಅನ್ನಬೇಡಿ. ರಿಪೇರಿ ಅನ್ನುವ ಮಾತು ಬಂದರೆ ನಾನು ಈಗಲೂ ನಮ್ಮ ಗ್ಯಾರೇಜಿನ ಕಡೆಯೇ.

ಇಲ್ಲಿ ಈ ಕಾರಿನ ಪ್ರತಿ ನಟ್ಟೂ ಕ್ಯಾಟಲಾಗಿನಲ್ಲಿ ಸಿಗುತ್ತದೆ. ಅಷ್ಟೇ ಯಾಕೆ, ಇಡೀ ಬಾಡಿಯೇ ಸಿಗುತ್ತದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಅನ್ನುವ ಸಂಸ್ಥೆ 1988ರಿಂದ ಹಳೇ ಅಚ್ಚುಗಳಲ್ಲೇ ಹೊಸ ಎಂಜಿಬಿ ಬಾಡಿ ಮಾಡುತ್ತಾ ಬಂದಿದೆ. ಇದು ದೊಡ್ಡ ಅನುಕೂಲವೇ. ಆದರೆ ಸಿಗುತ್ತದೆ ಅಂತಲೇ ಯಾರೂ ಬಿಚ್ಚಿ ನೋಡುವುದಿಲ್ಲ. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪು ಸದ್ದಿಲ್ಲದೆ ಕೂತಿದ್ದಾಗ ಅಜ್ಜನೂ "ಹೊಸದು ತರಿಸು" ಅಂದರು. ಅದು ಎಸ್‌ಯು ಕಂಪನಿಯ ಕರೆಂಟ್ ಪಂಪು. ಒಳಗಿನ ಪಾಯಿಂಟುಗಳು ಟಕ್ ಟಕ್ ಅಂತ ಕೂಡಿ ಬಿಡುತ್ತಾ ಕೆಲಸ ಮಾಡುತ್ತವೆ. ನಿಂತರೆ ಅವುಗಳ ಮೇಲೆ ಪದರ ಕಟ್ಟುತ್ತದೆ, ಅಷ್ಟೇ. ಸಣ್ಣ ಎಮರಿ ಪೇಪರಿನಲ್ಲಿ ಎರಡು ಸಲ ತಿಕ್ಕಿದೆ. ಟಕ್ ಟಕ್ ಶುರುವಾಯಿತು. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ರೋಟರ್ ಮಾತ್ರ ಅಜ್ಜನ ಮಾತು ಕೇಳಿ ಹೊಸದು ಹಾಕಿದೆ. ಮೂರೇ ವಾರಕ್ಕೆ ಕೈಕೊಟ್ಟಿತು. ಈಗ 1972ರ ಹಳೇದನ್ನೇ ತೊಳೆದು ಹಾಕಿದ್ದೇನೆ, ಓಡುತ್ತಿದೆ. ಊರಲ್ಲಾದರೆ ಸೆಲ್ಫ್ ಮೋಟಾರು ಸುಟ್ಟರೆ ವೈಂಡಿಂಗ್ ಮಾಡಿಸುತ್ತೇವೆ, ಬುಷ್ ಸವೆದರೆ ಲೇತಿಗೆ ಕೊಡುತ್ತೇವೆ. ಇಲ್ಲಿ ಅದನ್ನು ಹೇಳಿದರೆ ಬೆರಗಾಗಿ ನೋಡುತ್ತಾರೆ.

ಕ್ಲಚ್ಚಿನದ್ದೂ ಇದೇ ಕತೆ. ಪ್ಲೇಟು ಫ್ಲೈವೀಲಿಗೆ ಅಂಟಿಕೊಂಡಿತ್ತು. ಪೆಡಲ್ ಒತ್ತಿದರೂ ಬಿಡುತ್ತಿರಲಿಲ್ಲ. ಎಂಜಿನ್ ಇಳಿಸಬೇಕು ಅಂತ ಅಜ್ಜ ದಿನ ಗೊತ್ತು ಮಾಡಿದರು. ನಾನು ಅಪ್ಪನಿಗೆ ಫೋನ್ ಮಾಡಿದೆ. "ಪೆಡಲ್ ಪೂರ್ತಿ ಒತ್ತಿ, ಸೀಟಿಗೂ ಅದಕ್ಕೂ ನಡುವೆ ಒಂದು ಕಟ್ಟಿಗೆ ಕೊಟ್ಟು ಬಿಟ್ಬಿಡು. ಎರಡು ದಿನ ಬಿಟ್ಟು ಟಾಪ್ ಗೇರಲ್ಲಿ ಹಾಕಿ ಹಿಂದೆ ಮುಂದೆ ಆಡಿಸು" ಅಂದರು. ಮೂರನೇ ದಿನ ಟಪ್ ಅಂತ ಬಿಟ್ಟಿತು. ಯಾರ ಮ್ಯಾನುಯಲ್ಲೂ ಬೇಕಾಗಲಿಲ್ಲ.

ಕಾನೂನಿನ ಮಾತು ಸ್ವಲ್ಪ ಹೇಳಲೇಬೇಕು. ಇಲ್ಲಿ ಗಾಡಿ ರಸ್ತೆಗೆ ಇಳಿಸುವುದಿಲ್ಲ ಅಂತ ಸರ್ಕಾರಕ್ಕೆ ಬರೆದುಕೊಟ್ಟು ಎಷ್ಟು ವರ್ಷ ಬೇಕಾದರೂ ಶೆಡ್ಡಿನಲ್ಲಿ ಇಡಬಹುದು. ಅದಕ್ಕೆ ಸಾರ್ನ್ ಅನ್ನುತ್ತಾರೆ. 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಕಟ್ಟಬೇಕಿಲ್ಲ. ದೊಡ್ಡ ಬದಲಾವಣೆ ಮಾಡಿಲ್ಲದಿದ್ದರೆ, 2018ರಿಂದ, ಗಾಡಿ ರಸ್ತೆಗೆ ಯೋಗ್ಯವೇ ಅಂತ ನೋಡುವ ವರ್ಷ ವರ್ಷದ ಎಂಒಟಿ ತಪಾಸಣೆಯೂ ಬೇಕಿಲ್ಲ. ದಿನಾ ಕೆಲಸಕ್ಕೂ ಒಯ್ಯಬಹುದು. ನಮ್ಮಲ್ಲಿ 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ 'ವಿಎ' ಅಂತ ಬೇರೆ ನಂಬರು ಸಿಗುತ್ತದೆ, ಆದರೆ ದಿನದ ಓಡಾಟಕ್ಕೆ ಬಳಸುವಂತಿಲ್ಲ. ಎರಡೂ ನನಗೆ ಸರಿ ಕಾಣುವುದಿಲ್ಲ. ಗಾಡಿ ಕೆಡುವುದೇ ನಿಂತು. ಅದನ್ನು ಓಡಿಸಬೇಡ ಅಂದರೆ ಹೇಗೆ? ಹಾಗಂತ ನನ್ನ ಸಿಲ್ಲಿನೊಳಗಿನ ಪೇಪರ್ ಉಂಡೆ ನೋಡಿದ ಮೇಲೆ, ತಪಾಸಣೆಯೇ ಬೇಡ ಅನ್ನುವುದೂ ಗಂಟಲಲ್ಲಿ ಇಳಿಯುವುದಿಲ್ಲ. ಕಡ್ಡಾಯವಿಲ್ಲದಿದ್ದರೂ ಬೇಕಾದವರು ಮಾಡಿಸಬಹುದು. ನಾನು ಮಾಡಿಸುತ್ತೇನೆ.

ಪೆಟ್ರೋಲಿನಲ್ಲಿ ಮಾತ್ರ ಎರಡೂ ಕಡೆ ಒಂದೇ ಗೋಳು. ಎಥನಾಲ್ ಹಳೇ ರಬ್ಬರಿಗೆ ಆಗಿಬರುವುದಿಲ್ಲ. ಇಲ್ಲಿ 2021ರಿಂದ ಸಾದಾ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್, ಅಲ್ಲಿ ಶೇ. 20. ಪೈಪುಗಳನ್ನೆಲ್ಲ ಬದಲಾಯಿಸಿದೆ. ಟ್ಯಾಂಕಿನಲ್ಲಿದ್ದ 18 ವರ್ಷದ ಪೆಟ್ರೋಲು ವಾರ್ನಿಷ್ ವಾಸನೆ ಹೊಡೆಯುತ್ತಿತ್ತು.

ಕೇಬಲ್ ವಾಪಸ್ ಬಂದ ಭಾನುವಾರ ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿ ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದೆ. ಪ್ಲಗ್ಗಿಲ್ಲದೆ ಸೆಲ್ಫ್ ಹೊಡೆದು ಎಣ್ಣೆಯ ಪ್ರೆಶರ್ ಮುಳ್ಳು ಏಳುವುದನ್ನು ನೋಡಿದೆವು. ಆಮೇಲೆ ಪ್ಲಗ್ಗು ಹಾಕಿ ಕೀ ತಿರುಗಿಸಿದೆ. ನಾಲ್ಕನೇ ಸಲಕ್ಕೆ ಹಿಡಿಯಿತು. ಬಿಳೀ ಹೊಗೆ, ಇಲಿ ಗೂಡಿನ ಹುಲ್ಲು, ಎಲ್ಲಾ ಸೈಲೆನ್ಸರಿನಿಂದ ಹಾರಿತು. ಅಜ್ಜ ಚಪ್ಪಾಳೆ ತಟ್ಟಿದರು. ಅಪ್ಪ ನಗಲಿಲ್ಲ. ಕಿವಿ ಕೊಟ್ಟು ಕೇಳಿ, "ಮೂರನೇದರ ಟ್ಯಾಪೆಟ್ ಲೂಸಿದೆ ಕಣೋ" ಅಂದರು.

ಅಜ್ಜನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಫೋನಿನ ಕಡೆ ಒಮ್ಮೆ, ಎಂಜಿನ್ನಿನ ಕಡೆ ಒಮ್ಮೆ ನೋಡಿದರು. ಏನೂ ಮಾತಾಡದೆ ಬೇಲಿ ದಾಟಿ ಹೋಗಿ, ಟ್ಯಾಪೆಟ್ಟಿನ ಸಂದು ಅಳೆಯುವ ಫೀಲರ್ ಗೇಜ್ ತಂದರು.